ಥೈರಾಯ್ಡ್ ಗಂಟಿನೊಳಗೆ ವೈರಸ್ ಸಿಕ್ಕರೆ ಅದೇ ಕಳ್ಳನಾ?

ಶಿವಮೊಗ್ಗದ ನಮ್ಮ ಚಿಕ್ಕಮ್ಮ ಕತ್ತಿನ ಸ್ಕ್ಯಾನಿಂಗ್ ಮಾಡಿಸಿದ್ದು ಬೇರೆ ಯಾವುದೋ ಕಾರಣಕ್ಕೆ. ರಿಪೋರ್ಟಿನಲ್ಲಿ ಥೈರಾಯ್ಡ್‌ನ ಬಲಭಾಗದಲ್ಲಿ ಒಂದು ಸೆಂಟಿಮೀಟರಿನಷ್ಟು ಗಂಟು ಇದೆ ಅಂತ ಬಂತು. ಅವತ್ತು ರಾತ್ರಿಯೇ ಫೋನ್ ಮಾಡಿದರು. "ಅಲ್ಲ ಕಣೋ, ನನಗೆ ಕೋವಿಡ್ ಬಂದಿತ್ತಲ್ಲ, ಅದರಿಂದಲೇ ಆಗಿರಬಹುದಾ?"

"ಇರಲಿಕ್ಕಿಲ್ಲ ಚಿಕ್ಕಮ್ಮ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ" ಅಂದೆ. ಫೋನ್ ಇಟ್ಟ ಮೇಲೆ ನನಗೇ ಅನಿಸಿತು, ಉತ್ತರ ಕೊಡುವುದರಲ್ಲಿ ಸ್ವಲ್ಪ ಅವಸರ ಮಾಡಿದೆ ಅಂತ. ಪ್ರಶ್ನೆ ಅಷ್ಟು ಪೆದ್ದುಪೆದ್ದಾಗಿ ಇರಲಿಲ್ಲ. ಥೈರಾಯ್ಡ್ ಗಡ್ಡೆಗಳಲ್ಲಿ ವೈರಸ್ ಇದೆಯಾ ಅಂತ ಜಪಾನಿನಿಂದ ಇಟಲಿಯವರೆಗೆ ಸಂಶೋಧಕರು ವರ್ಷಗಟ್ಟಲೆ ಹುಡುಕಿದ್ದಾರೆ. ಸಿಕ್ಕಿದ್ದೂ ಇದೆ. ಆದರೆ ಸಿಕ್ಕಿದ್ದು ಏನನ್ನು ಹೇಳುತ್ತದೆ ಅನ್ನುವಲ್ಲಿ ತಕರಾರು.

ವೈರಸ್ಸಿನಿಂದ ಗಡ್ಡೆ ಬರಬಹುದು ಅನ್ನುವುದು ನೂರು ವರ್ಷಕ್ಕೂ ಹಳೆಯ ಮಾತು. 1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಒಂದು ಕೋಳಿಯ ಗಡ್ಡೆಯನ್ನು ಅರೆದು, ಜೀವಕೋಶವಾಗಲಿ ಬ್ಯಾಕ್ಟೀರಿಯಾವಾಗಲಿ ದಾಟದಷ್ಟು ಸಣ್ಣ ರಂಧ್ರಗಳ ಜರಡಿಯಲ್ಲಿ ಸೋಸಿದರು. ಆ ರಸವನ್ನು ಬೇರೆ ಕೋಳಿಗೆ ಚುಚ್ಚಿದಾಗ ಅದಕ್ಕೂ ಗಡ್ಡೆ ಬಂತು. ಆಗ ಹೆಚ್ಚಿನವರು ನಂಬಲಿಲ್ಲ. ನೊಬೆಲ್ ಸಿಕ್ಕಿದ್ದು 1966ರಲ್ಲಿ, 55 ವರ್ಷ ತಡವಾಗಿ. ಆಮೇಲೆ ಪಟ್ಟಿ ಬೆಳೆಯುತ್ತಾ ಹೋಯಿತು. ಗರ್ಭಕೊರಳಿನ ಕ್ಯಾನ್ಸರಿಗೆ ಎಚ್‌ಪಿವಿ, ಯಕೃತ್ತಿನ ಕ್ಯಾನ್ಸರಿಗೆ ಹೆಪಟೈಟಿಸ್ ಬಿ ಮತ್ತು ಸಿ, ಲಿಂಫೋಮಾ ಅನ್ನುವ ಬಿಳಿ ರಕ್ತಕಣಗಳ ಕ್ಯಾನ್ಸರಿನ ಕೆಲವು ಬಗೆಗಳಿಗೆ ಎಪ್‌ಸ್ಟೈನ್-ಬಾರ್ ವೈರಸ್. ಒಂದು ಲೆಕ್ಕದ ಪ್ರಕಾರ 2018ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಹೊಸ ಕ್ಯಾನ್ಸರುಗಳಲ್ಲಿ ಸುಮಾರು ಶೇ. 13ರಷ್ಟಕ್ಕೆ ಮೂಲ ಒಂದಲ್ಲ ಒಂದು ಸೋಂಕು. ಇದರಲ್ಲಿ ಹೊಟ್ಟೆಯ ಬ್ಯಾಕ್ಟೀರಿಯಾ ಒಂದರ ಪಾಲೂ ದೊಡ್ಡದಿದೆ. ಹೀಗಿರುವಾಗ ಥೈರಾಯ್ಡ್ ಮಾತ್ರ ಯಾಕೆ ಹೊರತು ಅಂತ ಕೇಳುವುದು ಸಹಜ ಅಲ್ವಾ?

ನಮ್ಮಲ್ಲಿ "ಅವಳಿಗೆ ಥೈರಾಯ್ಡ್ ಇದೆ" ಅನ್ನುತ್ತಾರೆ, ಗ್ರಂಥಿಯೇ ಕಾಯಿಲೆ ಅನ್ನುವ ಹಾಗೆ. ಥೈರಾಯ್ಡ್ ಎಲ್ಲರಿಗೂ ಇದೆ. ಕತ್ತಿನ ಮುಂಭಾಗದಲ್ಲಿ, ಚಿಟ್ಟೆ ರೆಕ್ಕೆ ಬಿಚ್ಚಿದ ಆಕಾರದಲ್ಲಿ ಕೂತಿರುತ್ತದೆ. ಅದರಲ್ಲಿ ಆಗುವುದೂ ಒಂದೇ ಥರದ ಬೆಳವಣಿಗೆ ಅಲ್ಲ. ಅಯೋಡಿನ್ ಸಾಲದೆ ಇಡೀ ಗ್ರಂಥಿ ಊದಿಕೊಂಡರೆ ಅದು ಗಳಗಂಡ. ಅಲ್ಲಲ್ಲಿ ಗಂಟು ಕಟ್ಟಿಕೊಳ್ಳಬಹುದು. ನೀರು ತುಂಬಿದ ಚೀಲದ ಹಾಗೆ ಇರಬಹುದು. ಕ್ಯಾನ್ಸರ್ ಆಗಿರುವುದು ಇವುಗಳಲ್ಲಿ ಸ್ವಲ್ಪವೇ. ಸ್ಕ್ಯಾನ್ ಮಾಡಿ ನೋಡಿದರೆ ನಡುವಯಸ್ಸು ದಾಟಿದ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಗಂಟು ಕಂಡೀತು. ನೂರು ಗಂಟಿನಲ್ಲಿ ಐದರಿಂದ ಹತ್ತು ಕ್ಯಾನ್ಸರ್ ಇರಬಹುದು, ಮಿಕ್ಕವು ಸುಮ್ಮನೆ ಕೂತಿರುತ್ತವೆ. ಕ್ಯಾನ್ಸರಲ್ಲೂ ಹೆಚ್ಚಿನವು ಪ್ಯಾಪಿಲರಿ ಅನ್ನುವ ನಿಧಾನ ಜಾತಿಯವು.

ಈಗ ವೈರಸ್ ಹುಡುಕಾಟಕ್ಕೆ ಬರೋಣ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಒಂದು ಚೂರು ತೆಗೆದುಕೊಳ್ಳುತ್ತಾರೆ. ಅರೆದು ಅದರ ಡಿಎನ್‌ಎ ಹೊರತೆಗೆಯುತ್ತಾರೆ. ಆಮೇಲೆ ಪಿಸಿಆರ್. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ನಮಗೆಲ್ಲ ಈ ಹೆಸರು ಗೊತ್ತು. ಒಂದು ಸುತ್ತಿಗೆ ಡಿಎನ್‌ಎ ಚೂರು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. 30 ಸುತ್ತು ಮುಗಿಯುವ ಹೊತ್ತಿಗೆ ಒಂದೇ ಒಂದು ಚೂರು ನೂರು ಕೋಟಿ ದಾಟಿರುತ್ತದೆ. ಇಷ್ಟು ಚುರುಕಾದ ಮೂಗು ಇದ್ದರೆ ಏನೂ ತಪ್ಪಿಸಿಕೊಳ್ಳಲಾರದು. ತೊಂದರೆ ಶುರುವಾಗುವುದೂ ಅಲ್ಲೇ. ಇರಬಾರದ ಚೂರೂ ಸಿಗುತ್ತದೆ, ಸುಮ್ಮನೆ ಹಾದುಹೋಗುತ್ತಿದ್ದದ್ದೂ ಸಿಗುತ್ತದೆ.

ಪಾರ್ವೊವೈರಸ್ ಬಿ19 ಅನ್ನುವುದನ್ನೇ ನೋಡಿ. 1970ರ ದಶಕದಲ್ಲಿ ಲಂಡನ್ನಿನಲ್ಲಿ ಹೆಪಟೈಟಿಸ್ ಬಿ ಪರೀಕ್ಷೆ ಮಾಡುತ್ತಿದ್ದಾಗ ಆಕಸ್ಮಿಕವಾಗಿ ಸಿಕ್ಕ ವೈರಸ್ ಇದು. ಸ್ಯಾಂಪಲ್ಲುಗಳ ಸಾಲಿನಲ್ಲಿ ಅದಕ್ಕೆ ಕೊಟ್ಟಿದ್ದ ಗುರುತೇ ಹೆಸರಾಗಿ ಉಳಿಯಿತು. ಮಕ್ಕಳ ಕೆನ್ನೆ ಕೆಂಪಾಗಿಸುವ ಸಣ್ಣ ಜ್ವರ, ಅಷ್ಟೇ. ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಯಾವಾಗಲೋ ಬಂದು ಹೋಗಿರುತ್ತದೆ. ಥೈರಾಯ್ಡ್ ಕ್ಯಾನ್ಸರಿನ ಚೂರುಗಳಲ್ಲಿ ಇದರ ಡಿಎನ್‌ಎ ಸಿಕ್ಕಾಗ ಸಂಶೋಧಕರು ಕಿವಿ ನಿಮಿರಿಸಿದರು. ಆದರೆ ಗಂಟಿಲ್ಲದ, ಆರೋಗ್ಯವಾಗಿರುವ ಥೈರಾಯ್ಡ್‌ನಲ್ಲೂ ಅದು ಸಿಕ್ಕಿತು. ಚರ್ಮದಲ್ಲಿ, ಟಾನ್ಸಿಲ್‌ನಲ್ಲಿ, ಯಕೃತ್ತಿನಲ್ಲಿ ಕೂಡ. ಈ ವೈರಸ್ ಒಮ್ಮೆ ಬಂದರೆ ಅದರ ಡಿಎನ್‌ಎ ಜೀವಮಾನವಿಡೀ ದೇಹದ ಮೂಲೆಗಳಲ್ಲಿ ಉಳಿದುಬಿಡುತ್ತದೆ. ಎಷ್ಟರಮಟ್ಟಿಗೆ ಅಂದರೆ, ಎರಡನೇ ಮಹಾಯುದ್ಧದಲ್ಲಿ ಸತ್ತ ಫಿನ್ಲೆಂಡ್ ಸೈನಿಕರ ಮೂಳೆಗಳನ್ನು ಸುಮಾರು 70 ವರ್ಷದ ನಂತರ ಪರೀಕ್ಷಿಸಿದಾಗ, ಹತ್ತಿರಹತ್ತಿರ ಅರ್ಧದಷ್ಟರಲ್ಲಿ ಬಿ19 ಸಿಕ್ಕಿತು. ಆ ಸೈನಿಕರು ಸತ್ತದ್ದು ಬಿ19ನಿಂದ ಅಂತ ಯಾರೂ ಹೇಳಲಾರರು. ಗಡ್ಡೆಯ ವಿಷಯದಲ್ಲಿ ಮಾತ್ರ ನಾವು ಅಷ್ಟು ಬೇಗ ಹೇಳಿಬಿಡುತ್ತೇವೆ.

ಎಪ್‌ಸ್ಟೈನ್-ಬಾರ್ ವೈರಸ್ಸಿನ ಕತೆ ಇನ್ನೂ ಸಿಕ್ಕು. ದೊಡ್ಡವರಲ್ಲಿ ಶೇ. 90ಕ್ಕೂ ಹೆಚ್ಚು ಜನರ ಮೈಯಲ್ಲಿ ಇದು ಇದೆ. ನಿಮ್ಮಲ್ಲೂ ಇರಬಹುದು, ನನ್ನಲ್ಲೂ ಇರಬಹುದು. ಅದರ ಮನೆ ಬಿ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣ. ಥೈರಾಯ್ಡ್‌ನಲ್ಲಿ ಉರಿಯೂತ ಇದ್ದರೆ, ಅದರಲ್ಲೂ ದೇಹವೇ ಥೈರಾಯ್ಡ್ ಮೇಲೆ ತಿರುಗಿಬೀಳುವ ಹಾಶಿಮೊಟೊ ಕಾಯಿಲೆ ಇದ್ದರೆ, ಈ ಬಿಳಿ ರಕ್ತಕಣಗಳು ಗ್ರಂಥಿಯೊಳಗೆ ದಂಡು ಕಟ್ಟಿಕೊಂಡು ಬರುತ್ತವೆ. ಚೂರನ್ನು ಅರೆದು ಪಿಸಿಆರ್ ಮಾಡಿದರೆ ಪಾಸಿಟಿವ್! ಆದರೆ ವೈರಸ್ ಇದ್ದದ್ದು ಥೈರಾಯ್ಡ್ ಜೀವಕೋಶದಲ್ಲೋ, ಊಟಕ್ಕೆ ಬಂದ ನೆಂಟನ ಜೇಬಿನಲ್ಲೋ? ಅರೆದ ಮೇಲೆ ಹೇಳಲು ಬರುವುದಿಲ್ಲ. ಅದಕ್ಕೆ ಬೇರೆ ವಿಧಾನ ಇದೆ. ಚೂರನ್ನು ಅರೆಯದೆ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು, ವೈರಸ್ಸಿನ ಆರ್‌ಎನ್‌ಎ ಯಾವ ಜೀವಕೋಶದಲ್ಲಿದೆ ಅಂತ ಬಣ್ಣ ಹತ್ತಿಸಿ ನೋಡುವುದು. ಪಿಸಿಆರ್‌ನಲ್ಲಿ ಮಾತ್ರ ಪಾಸಿಟಿವ್ ಬಂದು ಈ ಪರೀಕ್ಷೆ ಇಲ್ಲದ ಫಲಿತಾಂಶವನ್ನು ನಾನಂತೂ ಅರ್ಧ ಸಾಕ್ಷಿ ಅಂತಲೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಸ್‌ವಿ40 ಅನ್ನುವ ಮಂಗನ ವೈರಸ್ ಬಗ್ಗೆಯೂ ದೊಡ್ಡ ಗದ್ದಲ ಆಗಿತ್ತು. 1955ರಿಂದ 1963ರವರೆಗೆ ಅಮೆರಿಕದಲ್ಲಿ ಕೊಟ್ಟ ಪೋಲಿಯೊ ಲಸಿಕೆಯಲ್ಲಿ ಒಂದಷ್ಟರಲ್ಲಿ ಇದು ಸೇರಿಹೋಗಿತ್ತು. ಲಸಿಕೆ ತಯಾರಿಗೆ ಮಂಗನ ಮೂತ್ರಪಿಂಡದ ಜೀವಕೋಶ ಬಳಸುತ್ತಿದ್ದರು, ಅದರಿಂದ ಬಂದದ್ದು. ಮುಂದೆ ಥೈರಾಯ್ಡ್ ಸೇರಿದಂತೆ ಹಲವು ಗಡ್ಡೆಗಳಲ್ಲಿ ಎಸ್‌ವಿ40 ಸಿಕ್ಕಿತು ಅಂತ ವರದಿಗಳು ಬಂದವು. ಆಮೇಲೆ ಗೊತ್ತಾಯಿತು, ಲ್ಯಾಬುಗಳಲ್ಲಿ ದಿನಾ ಬಳಸುವ ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ಉಂಗುರಗಳಲ್ಲೇ ಎಸ್‌ವಿ40ಯ ತುಣುಕುಗಳಿವೆ. 2004ರಲ್ಲಿ ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್ ಬಗ್ಗೆ ನಡೆದ ಪರಿಶೀಲನೆಯಲ್ಲಿ, ಪಾಸಿಟಿವ್ ಬಂದದ್ದಕ್ಕೆ ಕಾರಣ ಈ ತುಣುಕುಗಳೇ ಅಂತ ತೋರಿಸಿದರು. ಅಂದರೆ ಲ್ಯಾಬಿನ ಮೇಜಿನ ಮೇಲಿನ ಧೂಳನ್ನೇ ರೋಗಿಯ ಗಡ್ಡೆಯಲ್ಲಿ ಕಂಡ ಹಾಗೆ.

ಇಷ್ಟೆಲ್ಲ ಹೇಳಿದ್ದಕ್ಕೆ "ಹಾಗಾದರೆ ಯಾವ ಸಾಕ್ಷಿ ಕೊಟ್ಟರೂ ನೀವು ಒಪ್ಪುವುದಿಲ್ಲ" ಅನ್ನಬಹುದು. ಒಪ್ಪುತ್ತೇವೆ. 2008ರಲ್ಲಿ ಮರ್ಕೆಲ್ ಸೆಲ್ ಅನ್ನುವ ಅಪರೂಪದ ಚರ್ಮದ ಕ್ಯಾನ್ಸರಿನಲ್ಲಿ ಹೊಸ ವೈರಸ್ ಒಂದು ಸಿಕ್ಕಿತು. ಕಂಡುಹಿಡಿದವರು ಪಿಟ್ಸ್‌ಬರ್ಗಿನ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಅವರ ತಂಡ. 10 ಗಡ್ಡೆಗಳಲ್ಲಿ 8ರಲ್ಲಿ ವೈರಸ್ ಇತ್ತು. ಎಣಿಕೆ ಅಷ್ಟೇ ಆಗಿದ್ದರೆ ಅದೂ ಇನ್ನೊಂದು ವರದಿ ಆಗುತ್ತಿತ್ತು. ಆ 8ರಲ್ಲಿ 6 ಗಡ್ಡೆಗಳಲ್ಲಿ ವೈರಸ್ಸಿನ ಡಿಎನ್‌ಎ ರೋಗಿಯ ಡಿಎನ್‌ಎಯೊಳಗೆ ಹೊಲಿದ ಹಾಗೆ ಸೇರಿಕೊಂಡಿತ್ತು, ಅದೂ ಗಡ್ಡೆಯ ಎಲ್ಲ ಜೀವಕೋಶಗಳಲ್ಲೂ ಅದೇ ಜಾಗದಲ್ಲಿ. ಇದರ ಅರ್ಥ ಸರಳ. ಮೊದಲು ಒಂದು ಜೀವಕೋಶಕ್ಕೆ ವೈರಸ್ ಹೊಕ್ಕಿತು, ಆಮೇಲೆ ಅದೇ ಜೀವಕೋಶ ಮರಿ ಹಾಕಿ ಗಡ್ಡೆಯಾಯಿತು. ಗಡ್ಡೆ ಬೆಳೆದ ಮೇಲೆ ವೈರಸ್ ಬಂದಿದ್ದರೆ ಒಂದೊಂದು ಜೀವಕೋಶದಲ್ಲಿ ಒಂದೊಂದು ಜಾಗದಲ್ಲಿ ಇರಬೇಕಿತ್ತು. ಥೈರಾಯ್ಡ್ ಗಡ್ಡೆಗಳಲ್ಲಿ ಇಂಥ ಸಾಕ್ಷಿ ಇದುವರೆಗೆ ಗಟ್ಟಿಯಾಗಿ ನಿಂತಿಲ್ಲ.

ಯಾವುದು ಮೊದಲು ಅನ್ನುವ ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಕ್ಯಾನ್ಸರ್ ಜೀವಕೋಶಗಳು ವೈರಸ್ಸನ್ನು ಓಡಿಸುವುದರಲ್ಲಿ ಬಹಳ ಸಲ ಸೋಮಾರಿಗಳು. ಒಳಗಿನ ಕಾವಲು ವ್ಯವಸ್ಥೆ ಕೆಟ್ಟಿರುತ್ತದೆ. ಹರ್ಪಿಸ್ ವೈರಸ್ಸನ್ನು ಮಾರ್ಪಡಿಸಿ ತಯಾರಿಸಿದ ಔಷಧಿಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರಿನ ಗಡ್ಡೆಗೇ ಚುಚ್ಚುವ ಔಷಧಿ ಅದು. ಆ ವೈರಸ್ ಗಡ್ಡೆಯ ಜೀವಕೋಶಗಳಲ್ಲಿ ಸಲೀಸಾಗಿ ಬೆಳೆಯುತ್ತದೆ, ಬೆಳೆದು ಅವನ್ನು ಒಡೆಯುತ್ತದೆ. ಥೈರಾಯ್ಡ್ ಗಡ್ಡೆಯಲ್ಲೂ ಹರ್ಪಿಸ್ ಸಿಕ್ಕ ವರದಿಗಳಿವೆ. ಬೇಲಿ ಮುರಿದ ತೋಟಕ್ಕೆ ದನ ನುಗ್ಗಿದ್ದನ್ನು ನೋಡಿ, ಬೇಲಿ ಮುರಿದದ್ದು ಆ ದನವೇ ಅನ್ನಲು ಬರುತ್ತದೆಯೇ?

ಬೇಲಿ ಮುರಿದವರು ಯಾರು ಅನ್ನುವುದು ಪ್ಯಾಪಿಲರಿ ಕ್ಯಾನ್ಸರಿನಲ್ಲಿ ಹೆಚ್ಚುಕಡಿಮೆ ಗೊತ್ತಾಗಿದೆ. 2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆಯವರು 496 ಪ್ಯಾಪಿಲರಿ ಗಡ್ಡೆಗಳ ಜೀನ್‌ಗಳನ್ನು ಪೂರ್ತಿ ಜಾಲಾಡಿದರು. ಸುಮಾರು ಶೇ. 60ರಷ್ಟರಲ್ಲಿ ಬ್ರಾಫ್ ಅನ್ನುವ ಒಂದೇ ಜೀನ್ ಕೆಟ್ಟಿತ್ತು. ಉಳಿದವುಗಳಲ್ಲಿ ರ‍್ಯಾಸ್, ರೆಟ್ ಹೀಗೆ ಬೇರೆ ಜೀನ್‌ಗಳು. ಅದಕ್ಕೆ ಮೊದಲು ನಾಲ್ಕರಲ್ಲಿ ಒಂದು ಗಡ್ಡೆಗೆ ಕಾರಣವಾದ ಜೀನ್ ಯಾವುದು ಅಂತ ಗೊತ್ತಿರಲಿಲ್ಲ. ಆ ಕೆಲಸ ಮುಗಿಯುವ ಹೊತ್ತಿಗೆ ಗೊತ್ತಿಲ್ಲದ್ದು ಶೇ. 3.5ಕ್ಕೆ ಇಳಿದಿತ್ತು. ವೈರಸ್ ಬಂದು ಕೂರಲು ಖಾಲಿ ಕುರ್ಚಿಯೇ ಹೆಚ್ಚು ಉಳಿದಿಲ್ಲ. ವೈರಸ್ಸೇ ಆ ಜೀನನ್ನು ಕೆಡಿಸಿರಬಹುದಲ್ಲ ಅಂತ ಕೇಳಬಹುದು, ನ್ಯಾಯವೇ. ಆದರೆ ಜೀನ್ ಕೆಡಿಸಿದ ವೈರಸ್ ತನ್ನ ಹೆಜ್ಜೆ ಗುರುತು ಬಿಟ್ಟು ಹೋಗಬೇಕು. ಸಾವಿರಾರು ಗಡ್ಡೆಗಳ ಜೀನ್ ಮಾಹಿತಿಯಲ್ಲಿ ವೈರಸ್ಸಿಗಾಗಿಯೇ ಹುಡುಕಿದ ಅಧ್ಯಯನಗಳಲ್ಲಿ ಎಚ್‌ಪಿವಿ, ಹೆಪಟೈಟಿಸ್ ಬಿ, ಎಪ್‌ಸ್ಟೈನ್-ಬಾರ್ ಎದ್ದು ಕಂಡವು. ಅವು ಕಂಡದ್ದು ಅವುಗಳದ್ದೇ ಹಳೆಯ ಜಾಗಗಳಲ್ಲಿ, ಥೈರಾಯ್ಡ್‌ನಲ್ಲಿ ಅಲ್ಲ.

ಜೀನ್ ಬಿಟ್ಟು ಜನರ ಕಡೆಯಿಂದ ನೋಡಿದರೂ ಅಷ್ಟೇ. ಏಡ್ಸ್ ಹರಡಿದಾಗ ರೋಗನಿರೋಧಕ ಶಕ್ತಿ ಕುಸಿದವರಲ್ಲಿ ವೈರಸ್ಸಿನ ಕ್ಯಾನ್ಸರುಗಳು ಒಂದೇ ಸಮನೆ ಮೇಲೆದ್ದವು. ಕಪೋಸಿ ಸಾರ್ಕೋಮಾ ಅನ್ನುವ ಅಪರೂಪದ ಕ್ಯಾನ್ಸರ್ ಎಷ್ಟು ಜಾಸ್ತಿ ಆಯಿತೆಂದರೆ, ಅದರ ವೈರಸ್ ಹುಡುಕಲು ಅದೇ ಸುಳಿವಾಯಿತು. 1994ರಲ್ಲಿ ಸಿಕ್ಕಿತು. ಥೈರಾಯ್ಡ್ ಕ್ಯಾನ್ಸರ್ ಹಾಗೆ ಜಿಗಿಯಲಿಲ್ಲ. ಅಂಗ ಕಸಿ ಮಾಡಿಸಿಕೊಂಡವರಲ್ಲಿ ಒಂದಿಷ್ಟು ಏರಿಕೆ ಕಂಡಿದೆ, ನಿಜ. ಆದರೆ ಅವರು ವರ್ಷವಿಡೀ ಆಸ್ಪತ್ರೆಯ ನಂಟಿನಲ್ಲೇ ಇರುವವರು. ಪದೇಪದೇ ಸ್ಕ್ಯಾನ್ ಆದರೆ ಗಂಟೂ ಪದೇಪದೇ ಕಾಣುತ್ತದೆ. ಹೆಪಟೈಟಿಸ್ ಸಿ ಬಗ್ಗೆ ಇಟಲಿಯ ಪೀಸಾ ಊರಿನ ವೈದ್ಯರು, ಈ ಸೋಂಕು ಇರುವವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಜಾಸ್ತಿ ಕಂಡಿದೆ ಅಂತ ಹೇಳಿದ್ದರು. 2007ರಲ್ಲಿ ಅಮೆರಿಕದ ಮಾಜಿ ಸೈನಿಕರ ದಾಖಲೆ ತೆಗೆದು ನೋಡಿದರು. ಸೋಂಕು ಇದ್ದವರೇ 1 ಲಕ್ಷ 46 ಸಾವಿರ ಮಂದಿ. ಥೈರಾಯ್ಡ್ ಉರಿಯೂತ ಅವರಲ್ಲಿ ಕೊಂಚ ಜಾಸ್ತಿ ಇತ್ತು, ಥೈರಾಯ್ಡ್ ಕ್ಯಾನ್ಸರ್ ಜಾಸ್ತಿ ಇರಲಿಲ್ಲ.

ಉರಿಯೂತ ಜಾಸ್ತಿ, ಕ್ಯಾನ್ಸರ್ ಇಲ್ಲ. ಈ ಸಾಲನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಯಾಕೆಂದರೆ ವೈರಸ್ಸಿಗೂ ಥೈರಾಯ್ಡ್‌ಗೂ ನಿಜವಾದ ನಂಟು ಇರುವುದು ಇಲ್ಲೇ.

ಸ್ವಿಟ್ಜರ್‌ಲೆಂಡಿನ ಶಸ್ತ್ರಚಿಕಿತ್ಸಕ ಡಿ ಕ್ವೆರ್ವೆನ್ 1904ರಲ್ಲಿ ವಿವರಿಸಿದ ಒಂದು ಕಾಯಿಲೆ ಇದೆ. ಶೀತ, ಜ್ವರ, ಗಂಟಲು ನೋವು ಬಂದು ಹೋಗಿ ಕೆಲವು ವಾರ ಆಗಿರುತ್ತದೆ. ಆಮೇಲೆ ಕತ್ತಿನ ಮುಂಭಾಗ ನೋಯಲು ಶುರುವಾಗುತ್ತದೆ. ಮುಟ್ಟಿದರೆ ಜೀವ ಹೋದ ಹಾಗೆ. ನೋವು ದವಡೆಗೆ, ಕಿವಿಗೆ ಎಳೆಯುತ್ತದೆ. ಹೆಚ್ಚಿನವರು ಮೊದಲು ಓಡುವುದು ಹಲ್ಲಿನ ಡಾಕ್ಟರ ಹತ್ತಿರ, ಇಲ್ಲವೇ ಕಿವಿ-ಮೂಗು-ಗಂಟಲಿನವರ ಹತ್ತಿರ. ಗ್ರಂಥಿ ಗಟ್ಟಿಯಾಗಿ, ಗಂಟು ಕಟ್ಟಿದ ಹಾಗೆ ಸಿಗುತ್ತದೆ. ಸ್ಕ್ಯಾನಿನಲ್ಲಿ ಅಂಚು ಸರಿಯಾಗಿ ಕಾಣದ ಕಪ್ಪು ಜಾಗ ಕಂಡು, ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ಗಡ್ಡೆಯ ವೇಷ ಹಾಕಿದ ಉರಿಯೂತ ಇದು. ಹೆಂಗಸರಲ್ಲಿ ಜಾಸ್ತಿ. ಮಂಗನಬಾವು, ಕಾಕ್ಸಾಕಿ, ಅಡಿನೊ, ಇನ್‌ಫ್ಲುಯೆಂಜಾ ಹೀಗೆ ಹಲವು ವೈರಸ್‌ಗಳ ಹೆಸರು ಇದರ ಜೊತೆ ಕೇಳಿಬಂದಿದೆ. 2020ರಲ್ಲಿ ಕೊರೊನಾ ಹೆಸರೂ ಸೇರಿತು. ಇಟಲಿಯಲ್ಲಿ ಕೋವಿಡ್ ಬಂದು ಗುಣವಾದ 18 ವರ್ಷದ ಯುವತಿಯೊಬ್ಬಳಲ್ಲಿ ಕಂಡದ್ದು ಮೊದಲ ವರದಿ. ಆಮೇಲೆ ಬೇರೆ ದೇಶಗಳಿಂದಲೂ ಬಂದವು. ಚಿಕ್ಕಮ್ಮನ ಪ್ರಶ್ನೆಯನ್ನು ನಾನು ಅವಸರದಲ್ಲಿ ತಳ್ಳಿಹಾಕಿದ್ದು ತಪ್ಪು ಅಂದೆನಲ್ಲ, ಇದಕ್ಕೇ.

ವಿಚಿತ್ರ ನೋಡಿ. ಎಲ್ಲರೂ ವೈರಸ್ಸಿನದ್ದೇ ಅಂತ ಒಪ್ಪುವ ಈ ಕಾಯಿಲೆಯಲ್ಲಿ ಗ್ರಂಥಿಯೊಳಗೆ ವೈರಸ್ ಕೈಗೆ ಸಿಗುವುದು ಅಪರೂಪ. ಸಾಕ್ಷಿ ಇರುವುದು ಹೊತ್ತಿನಲ್ಲಿ. ಜ್ವರ ಮೊದಲು, ನೋವು ಆಮೇಲೆ, ವೈರಸ್ ಹರಡುವ ಕಾಲದಲ್ಲಿ ಕೇಸುಗಳು ಒಟ್ಟೊಟ್ಟಿಗೆ. ಎಚ್‌ಎಲ್‌ಎ-ಬಿ35 ಅನ್ನುವ ಜೀನ್ ಗುರುತು ಇರುವವರಲ್ಲಿ ಇದು ಹೆಚ್ಚು. ಅಂದರೆ ವೈರಸ್ ಕಿಡಿ ಹೊತ್ತಿಸುತ್ತದೆ, ಬೆಂಕಿ ಹಚ್ಚುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ ಅಂತ ಕಾಣುತ್ತದೆ. ಗಡ್ಡೆಯಲ್ಲಿ ವೈರಸ್ ಸಿಗುತ್ತದೆ, ಸಂಬಂಧ ಕಾಣುವುದಿಲ್ಲ. ಇಲ್ಲಿ ಸಂಬಂಧ ಕಾಣುತ್ತದೆ, ವೈರಸ್ ಸಿಗುವುದಿಲ್ಲ. ಹೆಚ್ಚಿನವರಿಗೆ ನೋವಿನ ಮಾತ್ರೆ, ಜೋರಾಗಿದ್ದರೆ ಸ್ವಲ್ಪ ದಿನ ಸ್ಟೀರಾಯ್ಡ್ ಸಾಕು. ಕೆಲವು ತಿಂಗಳಲ್ಲಿ ಗಂಟೂ ಕರಗುತ್ತದೆ. ಕೆಲವರಿಗೆ ಮಾತ್ರ ಹಾರ್ಮೋನ್ ಮಾತ್ರೆ ಮುಂದುವರಿಸಬೇಕಾಗುತ್ತದೆ.

ಇನ್ನು ಸುತ್ತುಬಳಸಿನ ದಾರಿ ಒಂದಿದೆ, ಅದನ್ನು ನಾನು ಪೂರ್ತಿ ಮುಚ್ಚಲಾರೆ. ಹಾಶಿಮೊಟೊ ಕಾಯಿಲೆಯಲ್ಲಿ ದೇಹ ತನ್ನದೇ ಥೈರಾಯ್ಡ್ ಮೇಲೆ ಏರಿ ಹೋಗುತ್ತದೆ. 2012ರಲ್ಲಿ ಇಟಲಿಯ ಸಂಶೋಧಕರು ಹಾಶಿಮೊಟೊ ರೋಗಿಗಳ ಥೈರಾಯ್ಡ್ ಜೀವಕೋಶಗಳಲ್ಲೇ ಹರ್ಪಿಸ್ ಕುಟುಂಬದ ಎಚ್‌ಎಚ್‌ವಿ-6 ವೈರಸ್ಸನ್ನು ಕಂಡರು, ಬೇರೆಯವರಿಗಿಂತ ತುಂಬಾ ಜಾಸ್ತಿ. ಹಾಶಿಮೊಟೊ ಇದ್ದವರಲ್ಲಿ ಥೈರಾಯ್ಡ್ ಲಿಂಫೋಮಾ ಬರುವ ಸಂಭವ ಉಳಿದವರಿಗಿಂತ ಹತ್ತಾರು ಪಟ್ಟು ಹೆಚ್ಚು. ಹೆದರಬೇಡಿ, ಆ ಲಿಂಫೋಮಾ ಎಷ್ಟು ಅಪರೂಪವೆಂದರೆ ಹತ್ತಾರು ಪಟ್ಟು ಹೆಚ್ಚಾದರೂ ಅದು ಅಪರೂಪವೇ. ವೈರಸ್, ಅದರಿಂದ ವರ್ಷಗಟ್ಟಲೆ ಉರಿಯೂತ, ಅದರಿಂದ ಗಡ್ಡೆ, ಹೀಗೊಂದು ಸರಪಳಿ ಊಹಿಸಬಹುದು. ಒಂದೊಂದು ಕೊಂಡಿಗೂ ಸ್ವಲ್ಪಸ್ವಲ್ಪ ಸಾಕ್ಷಿ ಇದೆ. ಮೂರನ್ನೂ ಸೇರಿಸಿ ಅದೇ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ತೋರಿಸಿದರೆ ನಾನು ಮಾತು ಬದಲಿಸುತ್ತೇನೆ.

"ಹಾಗಾದರೆ ಈಗೀಗ ಎಲ್ಲರಿಗೂ ಯಾಕೆ ಥೈರಾಯ್ಡ್ ಗಂಟು? ಏನೋ ಹೊಸದು ಹರಡುತ್ತಿರಬೇಕು" ಅನ್ನುವವರಿಗೆ ದಕ್ಷಿಣ ಕೊರಿಯಾದ ಕತೆ ಹೇಳಬೇಕು. 1999ರಲ್ಲಿ ಅಲ್ಲಿ ಸರ್ಕಾರ ಬೇರೆ ಕೆಲವು ಕ್ಯಾನ್ಸರುಗಳ ತಪಾಸಣೆ ಶುರು ಮಾಡಿತು. ಬಂದವರಿಗೆ ಆಸ್ಪತ್ರೆಗಳು ಸ್ವಲ್ಪ ದುಡ್ಡಿಗೆ ಥೈರಾಯ್ಡ್ ಸ್ಕ್ಯಾನನ್ನೂ ಸೇರಿಸಿ ಮಾಡಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ 15 ಪಟ್ಟು ಆಗಿತ್ತು. ಸಾವಿನ ಪ್ರಮಾಣ? ಇದ್ದಲ್ಲೇ ಇತ್ತು. ಹೊಸ ಕಾಯಿಲೆ ಹರಡಿದ್ದರೆ ಸಾವೂ ಏರಬೇಕಿತ್ತು. ಏರಿದ್ದು ಕಾಯಿಲೆ ಅಲ್ಲ, ಹುಡುಕಾಟ. 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಸಾಕು ನಿಲ್ಲಿಸಿ ಅಂತ ಬಹಿರಂಗವಾಗಿ ಹೇಳಿದರು. ಒಂದೇ ವರ್ಷದಲ್ಲಿ ಥೈರಾಯ್ಡ್ ಆಪರೇಷನ್ನುಗಳು ಶೇ. 35ರಷ್ಟು ಇಳಿದವು. ವೈರಸ್ಸೇ ಕಾರಣವಾಗಿದ್ದರೆ ಪತ್ರಿಕಾ ಹೇಳಿಕೆಗೆ ಹೆದರಿ ಅದು ಓಡುತ್ತಿತ್ತೇ?

ನಿಜವಾಗಿ ಏನೋ ಹೊರಗಿನಿಂದ ಬಂದು ಥೈರಾಯ್ಡ್ ಕೆಡಿಸಿದಾಗ ಅದು ಹೇಗೆ ಕಾಣುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 1986ರಲ್ಲಿ ಚೆರ್ನೋಬಿಲ್ ಸ್ಥಾವರ ಸ್ಫೋಟಿಸಿ ವಿಕಿರಣ ಅಯೋಡಿನ್ ಹುಲ್ಲಿನ ಮೇಲೆ ಬಿತ್ತು, ಹಸು ತಿಂದಿತು, ಹಾಲು ಕುಡಿದ ಮಕ್ಕಳ ಥೈರಾಯ್ಡ್ ಸೇರಿತು. 2005ರ ಹೊತ್ತಿಗೆ, ಆಗ ಮಕ್ಕಳೂ ಹದಿಹರೆಯದವರೂ ಆಗಿದ್ದವರಲ್ಲಿ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗಿತ್ತು. ಎಷ್ಟು ಚಿಕ್ಕ ಮಗುವೋ ಅಷ್ಟು ಅಪಾಯ, ಎಷ್ಟು ಹೆಚ್ಚು ವಿಕಿರಣವೋ ಅಷ್ಟು ಕ್ಯಾನ್ಸರ್. ಅಲ್ಲೂ ತಪಾಸಣೆ ಹೆಚ್ಚಿದ್ದರಿಂದ ಸಿಕ್ಕದ್ದು ಒಂದಷ್ಟಿದೆ. ಆದರೂ ಊರು, ಹೊತ್ತು, ವಯಸ್ಸು, ಪ್ರಮಾಣ ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತವೆ. ನಮ್ಮ ಹತ್ತಿರದ ಉದಾಹರಣೆ ಬೇಕೆಂದರೆ ಉಪ್ಪು. ಹಿಂದೆ ದೇಶದ ಗುಡ್ಡಗಾಡು ಸೀಮೆಗಳಲ್ಲಿ, ನಮ್ಮ ಮಲೆನಾಡಿನ ಕಡೆಯೂ, ಗಳಗಂಡ ಕಾಣುತ್ತಿತ್ತು. ಮಳೆ ತೊಳೆದ ಮಣ್ಣಿನಲ್ಲಿ ಅಯೋಡಿನ್ ಕಡಿಮೆ. ಸರ್ಕಾರ 1962ರಲ್ಲಿ ಗಳಗಂಡ ತಡೆ ಕಾರ್ಯಕ್ರಮ ಶುರು ಮಾಡಿತು. ಉಪ್ಪಿಗೆ ಅಯೋಡಿನ್ ಸೇರಿದ ಮೇಲೆ ಹಳೆಯ ದೊಡ್ಡ ಗಳಗಂಡಗಳು ಕಣ್ಣಿಗೆ ಬೀಳುವುದೇ ಕಡಿಮೆಯಾಯಿತು.

ಮರುದಿನ ಚಿಕ್ಕಮ್ಮನಿಗೆ ನಾನೇ ಫೋನ್ ಮಾಡಿದೆ. ಕತ್ತು ನೋಯುತ್ತದೆಯಾ ಅಂತ ಕೇಳಿದೆ. ಇಲ್ಲ ಅಂದರು. ಜ್ವರ, ಎದೆ ಡವಡವ, ಕಿವಿ ಕಡೆ ಎಳೆತ? ಯಾವುದೂ ಇಲ್ಲ. ಕೋವಿಡ್ ಬಂದು ವರ್ಷಗಳೇ ಆಗಿವೆ. ಹಾಗಾದರೆ ಇದು ಆ ಉರಿಯೂತದ ಗಂಟಲ್ಲ. ವೈರಸ್ ಪರೀಕ್ಷೆ ಏನಾದರೂ ಮಾಡಿಸಲಾ ಅಂದರು. ಬೇಡ ಅಂದೆ. ಗಂಟಿನಲ್ಲಿ ವೈರಸ್ ಇದೆಯಾ ಅಂತ ನೋಡಿ ಚಿಕಿತ್ಸೆ ಬದಲಿಸುವ ಡಾಕ್ಟರು ಯಾರೂ ಇಲ್ಲ. ಸ್ಕ್ಯಾನಿನಲ್ಲಿ ಗಂಟು ಹೇಗೆ ಕಾಣುತ್ತದೆ, ಬೇಕಾದರೆ ಸೂಜಿ ಪರೀಕ್ಷೆ, ಜೊತೆಗೆ ಥೈರಾಯ್ಡ್ ಕೆಲಸ ಹೇಗಿದೆ ಅಂತ ತೋರಿಸುವ ಟಿಎಸ್‌ಎಚ್ ರಕ್ತಪರೀಕ್ಷೆ, ಇಷ್ಟೇ ಕೆಲಸಕ್ಕೆ ಬರುವುದು. ಮುಂದಿನ ವಾರ ಸೂಜಿ ಪರೀಕ್ಷೆ ಆಯಿತು. ಅಪಾಯದ್ದಲ್ಲ, ಒಂದು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ ಅಂದರಂತೆ.

"ವೈರಸ್ಸೂ ಅಲ್ಲ, ಕ್ಯಾನ್ಸರೂ ಅಲ್ಲ. ಮತ್ತೆ ಯಾಕೆ ಬಂತು ಅಂತೀಯಾ?" ಅಂತ ಕೇಳಿದರು. ವಯಸ್ಸಾಗುತ್ತಾ ತಲೆ ನರೆತ ಹಾಗೆ ಇದೂ ಬರುತ್ತದೆ ಚಿಕ್ಕಮ್ಮ ಅಂದೆ. ಅದಕ್ಕೆ ಅವರಿಗೆ ಸಿಟ್ಟು ಬಂತು. ಕೋವಿಡ್ ಅಂದಿದ್ದರೇ ವಾಸಿಯಿತ್ತೇನೋ.